ಮೇಷ್ಟ್ರು ಕೊಟ್ಟ ತುಂಡು ಪೆನ್ಸಿಲ್

ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಲ್ಯಾಬಿನಲ್ಲಿದ್ದೆ. ಫೋನ್ ಕೆಳಗಿಟ್ಟು ಸುಮ್ನೆ ಕೂತೆ. ಅವರು ಮಾಡಿದ ಪಾಠಗಳಲ್ಲಿ ಒಂದೂ ಸರಿಯಾಗಿ ನೆನಪಾಗಲಿಲ್ಲ. ನೆನಪಾದದ್ದು ಅವರ ಅಂಗಿ ಜೇಬಿನಿಂದ ಯಾವಾಗಲೂ ಇಣುಕುತ್ತಿದ್ದ ತುಂಡು ಪೆನ್ಸಿಲ್.

ಶಾಲೆಯಲ್ಲಿ ನನ್ನ ಅಡ್ಡಹೆಸರು ಕೊಂಕ. ಎಲ್ಲದಕ್ಕೂ ಕೊಂಕು ತೆಗೆಯುವವನು ಅಂತ. ನಾನೇನೂ ತಪ್ಪು ಹುಡುಕಿಕೊಂಡು ಹೋಗುತ್ತಿರಲಿಲ್ಲ, ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಬೋರ್ಡಿನ ಮೇಲೆ ಬಿಟ್ಟುಹೋದ ದೀರ್ಘ, ಎಲ್ಲೋ ಹೋಗಿ ಕೂತ ಅರ್ಕಾವೊತ್ತು, ಕೂಡುವಾಗ ಮರೆತ ದಶಕ. ಕಂಡಮೇಲೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಮನೆಯಲ್ಲೂ ಅದೇ ಮಾತು: "ಮೊಸರಲ್ಲಿ ಕಲ್ಲು ಹುಡುಕೋ ಬುದ್ಧಿ ಬಿಡು." ಇದೂ ಒಂದು ಗುಣ ಅಂತ ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಹೆಡ್ಮಾಸ್ಟರ ಕೈಬರಹದ ಚೀಟಿ ಅಂಟಿಸಿದ್ದರು. "ನಾಳೆ ವಿದ್ಯಾಧಿಕಾರಿಗಳ ಬೇಟೆ ಇರುವುದರಿಂದ ಎಲ್ಲರೂ ಸಮವಸ್ತ್ರದಲ್ಲಿ ಹಾಜರಿರತಕ್ಕದ್ದು." ಭೇಟಿ ಹೋಗಿ ಬೇಟೆ ಆಗಿತ್ತು! ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಅಷ್ಟಕ್ಕೇ ಬಿಡಲಿಲ್ಲ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಿಂದ ಕೆಂಪು ಇಂಕಿನ ಪೆನ್ನು ತಂದು ತಿದ್ದಿದೆ. ಕೆಳಗೆ ಹತ್ತಕ್ಕೆ ಆರು ಅಂತ ಅಂಕ ಹಾಕಿದೆ. ಪಕ್ಕದಲ್ಲಿ "ಇನ್ನೂ ಶ್ರದ್ಧೆ ಬೇಕು" ಅಂತ ಬರೆದೆ. ನನ್ನ ಅಕ್ಷರ ಇಡೀ ಶಾಲೆಗೆ ಗೊತ್ತಿತ್ತು. ಎರಡು ಪೀರಿಯಡ್ ಹೆಡ್ಮಾಸ್ಟರ ಕೋಣೆಯ ಹೊರಗೆ ನಿಂತೆ. ಅಪ್ಪನನ್ನು ಕರೆಸುವ ಮಾತು ನಡೆದಿತ್ತು. ಆಗ ವಿಜ್ಞಾನದ ಮೇಷ್ಟ್ರು ಬಂದು, "ಇವನನ್ನ ನನಗೆ ಬಿಡಿ ಸಾರ್" ಅಂದರು.

ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಕೂರಿಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಲಾರ್ಡ್ ರೇಲಿ ಅನ್ನುವ ವಿಜ್ಞಾನಿಯ ಕಥೆ ಶುರು ಮಾಡಿದರು. ಆತ ಒಂದೇ ಗಾಜಿನ ಬುರುಡೆಯಲ್ಲಿ ನೈಟ್ರೋಜನ್ ತುಂಬಿ ತೂಗಿದ. ಗಾಳಿಯಿಂದ ತೆಗೆದದ್ದು 2.310 ಗ್ರಾಂ ಬಂತು. ರಾಸಾಯನಿಕಗಳಿಂದ ತಯಾರಿಸಿದ್ದು 2.299 ಗ್ರಾಂ. ವ್ಯತ್ಯಾಸ ಒಂದು ಗ್ರಾಮಿನ ನೂರನೇ ಒಂದು ಭಾಗದಷ್ಟು. "ನೀನಾಗಿದ್ದರೆ ಏನ್ಮಾಡ್ತಿದ್ದೆ?" ಅಂತ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಆತ ಅದರ ಬೆನ್ನು ಬಿಡಲಿಲ್ಲವಂತೆ. ಕೊನೆಗೆ 1894ರಲ್ಲಿ ರಾಮ್ಸೆ ಅನ್ನುವ ಇನ್ನೊಬ್ಬ ವಿಜ್ಞಾನಿಯ ಜೊತೆ ಸೇರಿ, ಗಾಳಿಯಿಂದ ತೆಗೆದ ನೈಟ್ರೋಜನ್ನಿನಲ್ಲಿ ಬೆರೆತು ತೂಕ ಹೆಚ್ಚಿಸುತ್ತಿದ್ದ ಆರ್ಗಾನ್ ಕಂಡುಹಿಡಿದ. ನಾವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ನೂರಕ್ಕೆ ಹತ್ತಿರ ಹತ್ತಿರ ಒಂದು ಪಾಲು ಇರುವ ಅನಿಲ, ಅಲ್ಲಿಯವರೆಗೆ ಯಾರ ಲೆಕ್ಕಕ್ಕೂ ಸಿಕ್ಕಿರಲಿಲ್ಲ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

"ಆತ ಮೊದಲು ಯಾರ ತಪ್ಪು ಹುಡುಕಿದ ಗೊತ್ತೇನೋ?"

"ಇಲ್ಲ ಸಾರ್."

"ತನ್ನದೇ. ನನ್ನ ಅನಿಲದಲ್ಲೇ ಏನೋ ಕಲಬೆರಕೆ ಇರಬಹುದು ಅಂತ ಮತ್ತೆ ಮತ್ತೆ ತೂಗಿದ. ಆಮೇಲೆ 1892ರಲ್ಲಿ ವಿಜ್ಞಾನ ಪತ್ರಿಕೆಗೆ ಕಾಗದ ಬರೆದು, ಇದು ಯಾಕೆ ಹೀಗೆ, ಯಾರಿಗಾದರೂ ಗೊತ್ತಾ ಅಂತ ಕೇಳಿದ. ಯಾರಿಗೂ ಹತ್ತಕ್ಕೆ ಆರು ಕೊಡಲಿಲ್ಲ."

ಜೇಬಿನ ತುಂಡು ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟರು. ಇನ್ನುಮೇಲೆ ತಪ್ಪು ಕಂಡರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕು, ಬರೆದವರನ್ನೇ ಹೋಗಿ ಕೇಳು, ಅದಕ್ಕೂ ಮೊದಲು ನಿನ್ನ ಪುಸ್ತಕ ನೋಡಿಕೊ. ಅಷ್ಟೇ ಹೇಳಿದ್ದು. ಆ ರಾತ್ರಿ ನನ್ನ ವಿಜ್ಞಾನದ ನೋಟ್ಸ್ ತೆಗೆದು ಕೂತೆ. ಹತ್ತೊಂಬತ್ತು ತಪ್ಪುಗಳಿದ್ದವು. ಕಿವಿ ಬಿಸಿಯಾದದ್ದು ಈಗಲೂ ನೆನಪಿದೆ.

ಮುಂದಿನ ವರ್ಷ ಗೋಡೆ ಪತ್ರಿಕೆಯ ಕರಡು ತಿದ್ದುವ ಕೆಲಸ ನನಗೇ ಬಂತು. ಕೊನೆಯ ಪದದಿಂದ ಹಿಂದಕ್ಕೆ ಓದುವುದನ್ನು ಕನ್ನಡ ಪಂಡಿತರು ಹೇಳಿಕೊಟ್ಟರು. ಹಾಗೆ ಓದಿದರೆ ಅರ್ಥದ ಓಟಕ್ಕೆ ಕಣ್ಣು ಜಾರುವುದಿಲ್ಲ, ಅಕ್ಷರ ಅಕ್ಷರವೂ ಕಾಣುತ್ತದೆ. ಜಾಗ ಬದಲಿಸಿದ್ದ ಗೆಳೆಯರೇ ಪ್ರಬಂಧ ಹಿಡಿದುಕೊಂಡು ಬಂದು "ಒಂದ್ಸಲ ನೋಡೋ" ಅನ್ನತೊಡಗಿದರು. ನಾನು ಬದಲಾಗಿರಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ನು ಬದಲಾಗಿತ್ತು.

ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ನೋಡದೆ ಯಾವ ವರದಿಯೂ ಹೊರಗೆ ಹೋಗುವುದಿಲ್ಲ. ಒಮ್ಮೆ ಒಬ್ಬರ ವರದಿಯಲ್ಲಿ ಪೊಟ್ಯಾಸಿಯಂ 14 ಅಂತ ಬಂತು. ಇರಬೇಕಾದದ್ದು ಸುಮಾರು 3.5ರಿಂದ 5. ಜೊತೆಗೆ ಕ್ಯಾಲ್ಸಿಯಂ ಪಾತಾಳಕ್ಕಿಳಿದಿತ್ತು. ನಿಜವಾಗಿ ಹಾಗಿದ್ದರೆ ಆ ಮನುಷ್ಯ ನಡೆದುಕೊಂಡು ಬಂದು ರಕ್ತ ಕೊಟ್ಟು ಹೋಗುತ್ತಿರಲಿಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಒಂದು ಪೊಟ್ಯಾಸಿಯಂ ಲವಣ ಹಾಕಿರುತ್ತಾರೆ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಯಾರೋ ಆ ಟ್ಯೂಬಿನ ರಕ್ತವನ್ನು ಇನ್ನೊಂದಕ್ಕೆ ಸುರಿದಿದ್ದರು. ಮೊದಲು ನನ್ನ ಯಂತ್ರ ನೋಡಿಕೊಂಡೆ. ಆಮೇಲೆ ರಕ್ತ ತೆಗೆದ ಹುಡುಗನನ್ನು ಒಳಗೆ ಕರೆದು ಮೆತ್ತಗೆ ಕೇಳಿದೆ. ಹೆದರದೆ ಒಪ್ಪಿಕೊಂಡ. ಮತ್ತೆ ರಕ್ತ ತೆಗೆಸಿ ನೋಡಿದರೆ ಎಲ್ಲ ಸರಿಯಾಗಿತ್ತು. ಆ ಸಂಜೆ ನನಗೆ ತುಂಬ ಹೆಮ್ಮೆಯಾಯಿತು, ಮುಚ್ಚಿಡುವುದೇನಿದೆ?

ನನ್ನ ಮಗಳ ಪ್ರಗತಿ ಪತ್ರದಲ್ಲಿ ಈ ಸಲ "ಜಾಸ್ತಿ ಪ್ರಶ್ನೆ ಕೇಳುತ್ತಾಳೆ" ಅಂತ ಬರೆದಿದ್ದಾರೆ, ಸುಧಾರಿಸಬೇಕಾದ ಅಂಶಗಳು ಅನ್ನುವ ಕಾಲಮ್ಮಿನಲ್ಲಿ. ಈಗಿನ ಟೀಚರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ತುಂಬುವ ಫಾರಂಗಳೇ ಮುಗಿಯುವುದಿಲ್ಲ, ಒಂದು ಮಗುವನ್ನು ತಕ್ಕಡಿಯ ಮುಂದೆ ಕೂರಿಸಿಕೊಳ್ಳಲು ಪುರುಸೊತ್ತು ಎಲ್ಲಿಂದ ಬರಬೇಕು? ಆದರೂ ಆ ಕಾಲಮ್ಮು ನೋಡಿ ಸಂಕಟವಾಯಿತು.

ಹೋದ ತಿಂಗಳು ಶಾಲೆಯಲ್ಲಿ ಮೇಷ್ಟ್ರ ನೆನಪಿನ ಸಭೆಗೆ ಹೋಗಿದ್ದೆ. ವೇದಿಕೆಯ ಹಿಂದೆ ಅವರ ದೊಡ್ಡ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ "ಶ್ರದ್ದಾಂಜಲಿ". ಒತ್ತಿನಲ್ಲಿ ಒಂದು ಸಣ್ಣ ಗೆರೆ ಬಿಟ್ಟುಹೋಗಿತ್ತು. ಜನ ಇನ್ನೂ ಬರುತ್ತಿದ್ದರು. ಮೊದಲು ಮಾತಾಡಲು ಬರೆದು ತಂದಿದ್ದ ನನ್ನ ಹಾಳೆ ತೆಗೆದು ನೋಡಿಕೊಂಡೆ. ನಾನೂ ಹಾಗೇ ಬರೆದಿದ್ದೆ. ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಚಿಹ್ನೆ ಹಾಕಿ, ಬ್ಯಾನರ್ ಬರೆಸಿದ್ದ ಚಿಕ್ಕ ವಯಸ್ಸಿನ ಟೀಚರ್ ಹತ್ತಿರ ಹೋಗಿ ಹಾಳೆ ತೋರಿಸಿದೆ. "ಮೇಡಂ, ಈ ಪದ ಸರಿ ಇದೆಯಾ?"

ಅವರು ಹಾಳೆ ನೋಡಿದರು, ತಿರುಗಿ ಬ್ಯಾನರ್ ನೋಡಿದರು. ಮೇಜಿನ ಮೇಲಿದ್ದ ಮಾರ್ಕರ್ ತೆಗೆದುಕೊಂಡು, ಕುರ್ಚಿ ಹತ್ತಿ ಆ ಗೆರೆ ಎಳೆದರು.