ಮನಾಮದ ಇಗರ್ಜಿ ಅಂಗಳದಲ್ಲಿ ಮೊಂತಿ ಹಬ್ಬ

ಬಹ್ರೇನ್ ಅಂದರೆ ನಮ್ಮ ಕಡೆಯವರಿಗೆ ಕೆಲಸಕ್ಕೆ ಹೋಗುವ ಜಾಗ, ನೋಡಲು ಹೋಗುವ ಜಾಗ ಅಲ್ಲ. ನನ್ನ ಗೆಳತಿ ಅಲ್ಲಿ ನರ್ಸ್. "ಮೊಂತಿ ಹಬ್ಬಕ್ಕೆ ಬಾ ಮಾರಾಯ್ತಿ, ಈ ಸಲ ಶುಕ್ರವಾರ ಬಂದಿದೆ" ಅಂತ ಕರೆದಳು. ಮೊಂತಿ ಅಂದರೆ ನಮ್ಮ ಕರಾವಳಿಯ ಕ್ಯಾಥೋಲಿಕರು ಆಚರಿಸುವ ಮೇರಿ ಮಾತೆಯ ಹುಟ್ಟುಹಬ್ಬ. ಅದು 2023ರ ಸೆಪ್ಟೆಂಬರ್ 8. ಹೋದೆ.

ಶುಕ್ರವಾರ ಬಂದರೆ ಏನು ವಿಶೇಷ ಅಂತ ಅಲ್ಲಿ ಇಳಿದ ಮೇಲೆ ಗೊತ್ತಾಯಿತು. ಆ ದ್ವೀಪದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಹೆಚ್ಚಿನವರಿಗೆ ಡ್ಯೂಟಿ. ಹಾಗಾಗಿ ಇಗರ್ಜಿ ತುಂಬುವುದು ಶುಕ್ರವಾರ. ರಾಜಧಾನಿ ಮನಾಮದ ಸೇಕ್ರೆಡ್ ಹಾರ್ಟ್ ಇಗರ್ಜಿಗೆ ಜಾಗ ಕೊಟ್ಟದ್ದು 1939ರಲ್ಲಿ, ಅಲ್ಲಿನ ದೊರೆ. ಈ ಕಾಲದ ಗಲ್ಫ್‌ನಲ್ಲಿ ಎದ್ದ ಮೊದಲ ಕ್ಯಾಥೋಲಿಕ್ ಇಗರ್ಜಿ ಇದು. ಇಂಗ್ಲಿಷ್, ಮಲಯಾಳ, ತಗಲೋಗ್, ತಮಿಳು, ಕೊಂಕಣಿ ಅಂತ ಬೇರೆ ಬೇರೆ ಭಾಷೆಯಲ್ಲಿ ಪೂಜೆ ಇರುತ್ತದೆ. ಒಳಗಿದ್ದವರು ಹೊರಗೆ ಬರುವ ಮುಂಚೆಯೇ ಮುಂದಿನ ಪೂಜೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಸೆಪ್ಟೆಂಬರ್‌ನ ಹಸಿ ಸೆಕೆ ಬೇರೆ. ಏಸಿಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಪೂರ್ತಿ ಮಂಜು.

ನಾನು ಕ್ರೈಸ್ತಳಲ್ಲ. ಪೂಜೆ ಮುಗಿಯುವವರೆಗೆ ಹಿಂದೆ ಕೂತಿದ್ದೆ. ನನಗೆ ನಿಜವಾಗಿ ಹಿಡಿಸಿದ್ದು ಆಮೇಲಿನ ಅಂಗಳ. ಯಾರಿಗೋ ಬೆಡ್ ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಮಲಗುವ ಜಾಗ, ಬೇಕು, ಯಾರೋ ಬಿಟ್ಟು ಹೋಗುತ್ತಿದ್ದಾರೆ, ಅಲ್ಲೇ ಮಾತು ಮುಗಿಯಿತು. ಊರಿಗೆ ಹೊರಟವಳ ಸೂಟ್‌ಕೇಸಿನಲ್ಲಿ ಇನ್ನೊಬ್ಬಳ ತಾಯಿಯ ಮಾತ್ರೆಗೆ ಜಾಗ ಸಿಕ್ಕಿತು. ಗೆಳತಿಯ ಕೂಟದಲ್ಲಿ ನರ್ಸ್‌ಗಳು, ಆಫೀಸಿನವರು, ಸಲೂನಿನವರು ಎಲ್ಲ ಇದ್ದಾರೆ. ತಿಂಗಳಿಗೆ ಇಷ್ಟು ಅಂತ ದಿನಾರ್ ಹಾಕುತ್ತಾರೆ. ಯಾರದಾದರೂ ಮನೆಯಲ್ಲಿ ಸಾವಾದರೆ ಟಿಕೆಟ್ ದುಡ್ಡು ಅದರಿಂದಲೇ. ಬಾಣಂತನವನ್ನೂ ಶಿಫ್ಟ್ ಹಾಕಿಕೊಂಡು ಮಾಡುತ್ತಾರೆ: ನೈಟ್ ಡ್ಯೂಟಿ ಮುಗಿಸಿದವಳು ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಹೋಗುತ್ತಾಳೆ, ಸಂಜೆಯವಳು ಮೆಂತ್ಯೆ ಗಂಜಿ ತರುತ್ತಾಳೆ. ಊರಲ್ಲಿ ಅಮ್ಮ, ಅತ್ತಿಗೆ, ಪಕ್ಕದ ಮನೆಯವರು ಹಂಚಿಕೊಳ್ಳುವ ಕೆಲಸ ಇಲ್ಲಿ ಈ ಕೂಟದ ತಲೆಮೇಲೆ. ಗಂಡಸರು ಕುರ್ಚಿ ಜೋಡಿಸುತ್ತಾರೆ, ಅಷ್ಟೇ!

ಮಧ್ಯಾಹ್ನ ಒಬ್ಬರ ಫ್ಲ್ಯಾಟಿನಲ್ಲಿ ಊಟ. ಮೊಂತಿ ಕರಾವಳಿಯ ಕ್ಯಾಥೋಲಿಕರಿಗೆ ಹೊಸ ಅಕ್ಕಿಯ ಹಬ್ಬವೂ ಹೌದು. ಮೀನು, ಮಾಂಸ ಇಲ್ಲ. ಪಲ್ಯ, ಸಾರು ಎಲ್ಲ ಎಣಿಸಿದರೆ ಬೆಸ ಸಂಖ್ಯೆ ಬರಬೇಕು. ಕೆಸುವಿನ ದಂಟು, ಅಂಬಟೆ ಮಲಯಾಳಿ ಅಂಗಡಿಯಲ್ಲಿ ಸಿಕ್ಕಿತ್ತು. ಭತ್ತದ ತೆನೆ ಮಾತ್ರ ಊರಿಂದಲೇ ಬರಬೇಕು, ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ಬಂದಿತ್ತು. ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಹಂಚಿದಾಗ ಈ ಮನೆಗೆ ಬಂದದ್ದು ಒಂದು ತೆನೆ. ಕೂಟದ ಹಿರಿಯ ಹೆಂಗಸೊಬ್ಬರು ಉಗುರಿನಲ್ಲಿ ಒಂದೊಂದೇ ಕಾಳು ಸುಲಿದರು. ಕೆಲವು ಜೊಳ್ಳು. ಉಳಿದದ್ದನ್ನು ಕುಟ್ಟಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದರು. ಎಲ್ಲರಿಗೂ ಚಮಚದ ತುದಿಯಲ್ಲಿ ಒಂದು ಗುಟುಕು, ನನಗೂ. ಆಮೇಲೆ ಬಾಳೆಲೆ, ಕೊನೆಗೆ ವೊರ್ನ್, ಅಂದರೆ ಹೆಸರುಬೇಳೆ ಪಾಯಸ.

ಬಡಿಸುವ ಮುಂಚೆಯೇ ಗೆಳತಿ ಎರಡು ಡಬ್ಬಿ ತುಂಬಿಸಿ ತೆಗೆದಿಟ್ಟಳು. ರಜೆ ಸಿಗದ ಮನೆಕೆಲಸದವರಿಗೆ. ಬಹ್ರೇನಿನ 2012ರ ಕಾರ್ಮಿಕ ಕಾನೂನು ಮನೆಕೆಲಸದವರಿಗೆ ವರ್ಷದ ರಜೆ ಕೊಟ್ಟಿದೆ, ವಾರದ ರಜೆ ಕಡ್ಡಾಯ ಮಾಡಿಲ್ಲ. ಹಾಗಾಗಿ ಯಾರು ಇಗರ್ಜಿಗೆ ಬರಬಹುದು ಅನ್ನೋದು ಅವರವರ ಯಜಮಾನಿಯ ಮನಸ್ಸು. ಆ ಅಂಗಳದ ಗದ್ದಲ ಎಷ್ಟು ಚೆಂದ ಅಂದರೂ, ಅದರ ಅಗತ್ಯ ಜಾಸ್ತಿ ಇರುವವರೇ ಅಲ್ಲಿ ಕಡಿಮೆ.

ಕೆಲಸಕ್ಕೆ ಅಂತ ಬಂದ ಕ್ರೈಸ್ತ ಹೆಂಗಸರು ಈ ದ್ವೀಪಕ್ಕೆ ಹೊಸಬರೇನಲ್ಲ. ಮನಾಮದ ಅಮೆರಿಕನ್ ಮಿಷನ್ ಆಸ್ಪತ್ರೆ 1903ರದು. ಅದಕ್ಕೂ ಮುಂಚೆ ಮಿಷನರಿ ಸ್ಯಾಮ್ಯುಯೆಲ್ ಜ್ವೆಮರ್ ಅವರ ಹೆಂಡತಿ, ನರ್ಸ್ ಆಗಿದ್ದ ಎಮಿ, ಇಲ್ಲಿ ಹುಡುಗಿಯರಿಗೆ ಪಾಠ ಶುರು ಮಾಡಿದ್ದರು. 1904ರ ಜುಲೈನಲ್ಲಿ ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಏಸಿ ಇಲ್ಲದ ಆ ಜುಲೈ ಹೇಗಿದ್ದಿರಬಹುದು!

ಹಬ್ಬದ ಮರುದಿನ ಅವಾಲಿ ಅನ್ನುವ ಊರಿಗೆ ಹೋದೆವು. ಅಲ್ಲಿ 2021ರ ಡಿಸೆಂಬರಿನಲ್ಲಿ ಅವರ್ ಲೇಡಿ ಆಫ್ ಅರೇಬಿಯಾ ಕೆಥೆಡ್ರಲ್ ಶುರುವಾಗಿದೆ. ಗುಡಾರದ ಆಕಾರ, ಸುಮಾರು 2,300 ಜನ ಕೂರಬಹುದು. ಮುಂದಿನ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಬಂದಿದ್ದರು. ಕಟ್ಟಡ ಚೆಂದ, ಸುತ್ತಲೂ ಮರಳು ಬಯಲು. "ನೀವೆಲ್ಲ ಇಲ್ಲಿಗೇ ಬರಬಹುದಲ್ವಾ?" ಅಂದೆ.

"ಟ್ಯಾಕ್ಸಿಗೆ ಕೊಡೋದು ಯಾರು?" ಅಂದಳು ಗೆಳತಿ. "ಮತ್ತೆ, ಪೂಜೆ ಮುಗಿದ ಕೂಡಲೇ ಎಲ್ಲರೂ ಕಾರು ಹತ್ತಿ ಹೊರಟುಬಿಡ್ತಾರೆ. ಮಾತಾಡೋದು ಯಾರ ಹತ್ರ?"