ಅಸಲಿಗೆ 250 ರೂಪಾಯಿ

2023ರ ಜೂನ್ 8, ಗುರುವಾರ. ಅಮ್ಮನ ಎಫ್‌ಡಿ ಅವತ್ತಿಗೆ ಮುಗಿಯುತ್ತಿತ್ತು. ಅಪ್ಪ ಹೋದ ಮೇಲೆ ಬಂದ ಎಂಟು ಲಕ್ಷ ಅದು. ಅದರ ಬಡ್ಡಿಯೇ ಅಮ್ಮನ ಕೈಯ ದುಡ್ಡು. ಬಿಪಿ ಮಾತ್ರೆ, ಕನ್ನಡಕ, ಹಬ್ಬಕ್ಕೆ ಮೊಮ್ಮಕ್ಕಳ ಕೈಗಿಡುವ ನೂರಿನ್ನೂರು, ಎಲ್ಲವೂ ಅದರಲ್ಲೇ. ನನ್ನ ಹತ್ತಿರ ಯಾವತ್ತೂ ಕೇಳಿದವಳಲ್ಲ.

ಅರ್ಧ ದಿನ ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಟಿಕೆಟ್ ತಗೊಳ್ಳುವಾಗ ಅಮ್ಮನಿಗೆ ಹೊಟ್ಟೆ ಉರಿ. ಭಾನುವಾರದಿಂದ ಹೆಂಗಸರಿಗೆ ಬಸ್ ಫ್ರೀ ಎಂದು ಆಗಲೇ ಸುದ್ದಿಯಾಗಿತ್ತು. "ಮೂರು ದಿನ ತಡೆದು ಹೋಗಿದ್ರೆ ಆಗ್ತಿರ್ಲಿಲ್ವಾ?" ಎಂದಳು.

ನಮ್ಮ ಮನೆ ಮೈಸೂರಿನ ಮೇಟಗಳ್ಳಿ ಕಡೆ. ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುವ ಪ್ರೆಸ್ಸು ಇರುವುದೂ ಅಲ್ಲೇ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅದರ ಕಾಂಪೌಂಡ್ ಗೋಡೆ ನೋಡುತ್ತಿದ್ದೇನೆ. ರಿಸರ್ವ್ ಬ್ಯಾಂಕ್ ಅಂದರೆ ನನಗೆ ಆ ಗೋಡೆ, ಮತ್ತೆ ನೋಟಿನ ಮೇಲಿರುವ ಗವರ್ನರ್ ಸಹಿ. ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಅನ್ನಿಸಿರಲಿಲ್ಲ.

ಬ್ಯಾಂಕಿನಲ್ಲಿ ಕಾಲಿಡಲು ಜಾಗವಿಲ್ಲ. ಮೇ 19ಕ್ಕೆ 2,000 ರೂಪಾಯಿ ನೋಟು ವಾಪಸ್ ಎಂದು ಪ್ರಕಟವಾಗಿತ್ತಲ್ಲ, ಅದನ್ನು ಬದಲಾಯಿಸಲು ಬಂದವರ ಸಾಲು. ಒಂದು ಸಲಕ್ಕೆ ಹತ್ತು ನೋಟು ಮಾತ್ರ. ಮುಂದೆ ನಿಂತಿದ್ದ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ನೋಟು ತೆಗೆದರು. ಮಡಚಿ ಮಡಚಿ ಬಟ್ಟೆಯ ಹಾಗೆ ಮೆತ್ತಗಾಗಿದ್ದವು.

ಒಂದು ಗಂಟೆ ಕಾದ ಮೇಲೆ ನಮ್ಮ ಸರದಿ. ಆಫೀಸರ್ ಚಿಕ್ಕ ವಯಸ್ಸಿನ ಹುಡುಗ. "ಅಮ್ಮಾ, ಹೋದ ಸಲ ನಿಮಗೆ ಐದೂವರೆ ಪರ್ಸೆಂಟ್ ಇತ್ತು. ಈಗ ಏಳೂವರೆ" ಎಂದ. ಅಮ್ಮನಿಗೆ ತಿಂಗಳಿಗೆ 3,600 ಚಿಲ್ಲರೆ ಬರುತ್ತಿತ್ತು. ಇನ್ನು ಮೇಲೆ 5,000ದ ಹತ್ತಿರ. ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಎರಡು ವರ್ಷಕ್ಕೆ ರಿನ್ಯೂ ಆಯಿತು.

ಬಂದಿದ್ದೇನೆ, ನನ್ನದೂ ಒಂದು ಕೇಳಿಬಿಡೋಣ ಅನ್ನಿಸಿತು. 2021ರ ಜೂನ್‌ನಲ್ಲಿ ಅದೇ ಬ್ಯಾಂಕಿನಲ್ಲಿ 25 ಲಕ್ಷ ಮನೆ ಸಾಲ ತೆಗೆದುಕೊಂಡಿದ್ದೆವು. ಬಡ್ಡಿ ಶೇ 6.9, ಇಪ್ಪತ್ತು ವರ್ಷ, ತಿಂಗಳಿಗೆ 19,233 ರೂಪಾಯಿ ಕಂತು. ಈಚೆಗೆ ಆಗಾಗ ಮೆಸೇಜ್ ಬರುತ್ತಿತ್ತು, ಬಡ್ಡಿ ದರ ಬದಲಾಗಿದೆ ಎಂದು. ಆದರೆ ಕಂತು ಮಾತ್ರ ಅದೇ 19,233. ಹಾಗಾಗಿ ನಾನು ನೆಮ್ಮದಿಯಾಗಿದ್ದೆ. ಕಂತು ಏರಿಲ್ಲ ಅಂದರೆ ಏನೂ ಆಗಿಲ್ಲ ಅಂತ ತಾನೇ ಯಾರಾದರೂ ಅಂದುಕೊಳ್ಳುವುದು?

ಅವನು ಸಾಲದ ಲೆಕ್ಕದ ಹಾಳೆ ಪ್ರಿಂಟ್ ತೆಗೆದು ಕೊಟ್ಟ. ಕೊನೆಯ ಸಾಲಿನಲ್ಲಿ ಬಡ್ಡಿಗೆ 18,980 ರೂಪಾಯಿ ಚಿಲ್ಲರೆ. ಅಸಲಿಗೆ 250.

ನಾನು ಬೆರಳಿಟ್ಟು ಮೇಲಿನ ಸಾಲುಗಳನ್ನು ನೋಡುತ್ತಾ ಹೋದೆ. ಮೊದಲನೇ ತಿಂಗಳು ಅಸಲಿಗೆ 4,858 ಹೋಗಿತ್ತು. ಆಮೇಲೆ ಮೂರು ಸಾವಿರ, ಸಾವಿರದ ನಾನೂರು, ಏಳುನೂರು. ಈಗ 250. ಎರಡು ವರ್ಷದಲ್ಲಿ ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಕಟ್ಟಿದ್ದೇವೆ. ಸಾಲ ಇನ್ನೂ 24 ಲಕ್ಷದ ಮೇಲಿದೆ.

"ಹೀಗೇ ಕಟ್ಟಿದರೆ ಯಾವಾಗ ತೀರುತ್ತೆ?" ಎಂದೆ. ಅವನು ಕಂಪ್ಯೂಟರಿನಲ್ಲಿ ಒತ್ತಿ ನೋಡಿದ. "ಇನ್ನೂ 46 ವರ್ಷ ಮೇಡಂ." ನನಗಾಗ ನಲವತ್ತು.

ಆ ಹುಡುಗನನ್ನು ನಾನು ಮರೆಯುವುದಿಲ್ಲ. ಹಿಂದೆ ಅಷ್ಟು ಜನ ನಿಂತಿದ್ದರೂ ಚೀಟಿಯ ಹಿಂದೆ ಬರೆದು ತಿಳಿಸಿದ. ನಮ್ಮ ಸಾಲದ ಬಡ್ಡಿ ಅಂದರೆ ರೆಪೊ ದರದ ಮೇಲೆ ಶೇ 2.9. ರೆಪೊ ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ. ನಾವು ಮನೆ ತಗೊಂಡಾಗ ಕೊರೋನಾ ಕಾಲ. ವ್ಯಾಪಾರ ನಿಂತುಹೋಗಿದ್ದರಿಂದ ರೆಪೊ ಶೇ 4ಕ್ಕೆ ಇಳಿದಿತ್ತು. 2022ರ ಮೇ 4ರಂದು ಗವರ್ನರ್ ಶಕ್ತಿಕಾಂತ ದಾಸ್, ಮಾಮೂಲಿ ಸಭೆಗೂ ಕಾಯದೆ, 4.40ಕ್ಕೆ ಏರಿಸಿದರು. ಅಲ್ಲಿಂದ 2023ರ ಫೆಬ್ರವರಿಗೆ ಶೇ 6.50. ಒಂಬತ್ತು ತಿಂಗಳಲ್ಲಿ ಎರಡೂವರೆ ಪರ್ಸೆಂಟ್. "ಇವತ್ತು ಬೆಳಿಗ್ಗೆಯೂ ಮುಂಬೈಯಿಂದ ಹೇಳಿದ್ದಾರೆ ಮೇಡಂ, ಏರಿಸಿಲ್ಲ, 6.50ರಲ್ಲೇ ಬಿಟ್ಟಿದ್ದಾರೆ" ಎಂದ, ಒಳ್ಳೆಯ ಸುದ್ದಿ ಹೇಳುವವನ ಹಾಗೆ.

"ಯಾಕಪ್ಪಾ ಏರಿಸಿದ್ರು?" ಎಂದು ಕೇಳಿದ್ದು ಅಮ್ಮ.

"ಸಾಮಾನಿನ ರೇಟು ಜಾಸ್ತಿ ಆಯ್ತಲ್ಲಮ್ಮ, ಅದಕ್ಕೆ."

ಅಮ್ಮನಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಿರಲಿಲ್ಲ. ಅಡುಗೆ ಮನೆ ಅವಳದ್ದೇ. ಉಕ್ರೇನ್ ಯುದ್ಧ ಶುರುವಾದ ಮೇಲೆ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200ರ ಹತ್ತಿರ ಹೋಗಿ, ಪೂರಿ ಮಾಡುವುದನ್ನೇ ಬಿಟ್ಟಿದ್ದಳು. 2022ರ ಏಪ್ರಿಲ್‌ನಲ್ಲಿ ದೇಶದ ಹಣದುಬ್ಬರ ಶೇ 7.79 ಇತ್ತು. ಅದು ಶೇ 4ರ ಆಸುಪಾಸಿನಲ್ಲಿರಬೇಕು, 6 ದಾಟಬಾರದು ಎಂಬುದು ರಿಸರ್ವ್ ಬ್ಯಾಂಕಿಗೆ ಸರ್ಕಾರ ಕೊಟ್ಟಿರುವ ಗುರಿ. ಸಾಲ ತುಟ್ಟಿಯಾದರೆ ಜನ ಮನೆ, ಕಾರು ಕೊಳ್ಳುವುದನ್ನು ಮುಂದೆ ಹಾಕುತ್ತಾರೆ, ಬೇಡಿಕೆ ತಗ್ಗುತ್ತದೆ, ಬೆಲೆಯ ಓಟ ನಿಧಾನವಾಗುತ್ತದೆ. ಆದರೆ ನನಗೆ ಅವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ: ಬಡ್ಡಿ ಏರಿಸಿದರೆ ಉಕ್ರೇನಿನ ಎಣ್ಣೆ ಹಡಗು ಹತ್ತುವುದಿಲ್ಲ. ಆ ಭಾರ ಹೊತ್ತವರಲ್ಲಿ ನಮ್ಮಂಥವರೇ ಜಾಸ್ತಿ.

ದರ ಏರಿಸಿದ್ದಕ್ಕೆ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ. ಸಿಟ್ಟು ಬಂದದ್ದು ಅದನ್ನು ತಿಳಿಸಿದ ರೀತಿಗೆ. ಕಂತು ಹಾಗೇ ಇಟ್ಟು ವರ್ಷಗಳನ್ನು ಎಳೆದರೆ ಸಾಲಗಾರನಿಗೆ ನೋವೇ ಗೊತ್ತಾಗುವುದಿಲ್ಲ. "ನಿಮ್ಮ ಸಾಲ ಇಷ್ಟು ವರ್ಷ ಜಾಸ್ತಿಯಾಗಿದೆ, ಕಂತು ಏರಿಸಲಾ?" ಎಂದು ಒಂದು ಮಾತು ಮೊದಲೇ ಕೇಳಿದ್ದರೆ ಎಷ್ಟು ಉಳಿಯುತ್ತಿತ್ತು! ಎರಡು ತಿಂಗಳ ನಂತರ, ಆಗಸ್ಟ್ 18ಕ್ಕೆ, ರಿಸರ್ವ್ ಬ್ಯಾಂಕೇ ಸುತ್ತೋಲೆ ಹೊರಡಿಸಿತು. ದರ ಏರಿದಾಗ ಸಾಲಗಾರರಿಗೆ ಅದರ ಪರಿಣಾಮ ತಿಳಿಸಬೇಕು, ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂದು ಆರಿಸಿಕೊಳ್ಳಲು ಬಿಡಬೇಕು ಎಂದು. ಪೇಪರಿನಲ್ಲಿ ಓದಿದಾಗ ನಾನೊಬ್ಬಳೇ ಅಲ್ಲ ಎಂದು ಗೊತ್ತಾಯಿತು.

ಉಳಿದ ಹದಿನೆಂಟು ವರ್ಷದಲ್ಲೇ ತೀರಬೇಕಾದರೆ ಕಂತು 23,300 ರೂಪಾಯಿ ಆಗಬೇಕಿತ್ತು. ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ. ಯಜಮಾನರಿಗೆ ಫೋನ್ ಮಾಡಿ ಕೇಳಿ, ಅಲ್ಲೇ ಕೂತು ಅರ್ಜಿ ಬರೆದುಕೊಟ್ಟೆ. ಮಗಳ ಡ್ಯಾನ್ಸ್ ಕ್ಲಾಸ್ ಆ ವರ್ಷ ನಿಂತಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಸುಮ್ಮನಿದ್ದಳು. ಪ್ರೆಸ್ಸಿನ ಗೋಡೆ ದಾಟುವಾಗ ಕೇಳಿದಳು, "ಬಡ್ಡಿ ಇಳೀಲಿ ಅಂತ ನೀನು ಬೇಡ್ಕೊಂಡ್ರೆ ನನಗೆ ಕಮ್ಮಿ ಆಗುತ್ತೆ ಅಲ್ವೇನೇ?"

"ಹೂಂ ಅಮ್ಮ."

"ಆದ್ರೂ ಇಳೀಲಿ ಬಿಡು."

ಇಳಿಯಲು ಶುರುವಾದದ್ದು 2025ರ ಫೆಬ್ರವರಿಯಲ್ಲಿ, ಹೊಸ ಗವರ್ನರ್ ಸಂಜಯ್ ಮಲ್ಹೋತ್ರಾ ಬಂದ ಮೇಲೆ. ಏಪ್ರಿಲ್‌ನಲ್ಲಿ ಇನ್ನೊಂದು ಸಲ. ಜೂನ್ 6, ಶುಕ್ರವಾರ ಒಂದೇ ಏಟಿಗೆ ಅರ್ಧ ಪರ್ಸೆಂಟ್ ಇಳಿದು ರೆಪೊ 5.50 ಆಯಿತು. ಈಗ ನಾನು ಈ ಸುದ್ದಿಯನ್ನು ಬಿಡದೆ ನೋಡುತ್ತೇನೆ. ಅಮ್ಮನ ಎಫ್‌ಡಿ ಮುಗಿಯುವುದು ಭಾನುವಾರ. ಎಫ್‌ಡಿ ದರವೂ ಇನ್ನೇನು ಇಳಿಯುತ್ತದೆ ಎಂದು ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮುಂಚೆಯೇ ಇಬ್ಬರೂ ಹೋಗಿ ನಿಂತಿದ್ದೆವು. ಬಸ್ಸಿಗೆ ದುಡ್ಡಿಲ್ಲವಲ್ಲ, ಅಮ್ಮ ಖುಷಿಯಾಗಿದ್ದಳು. ಶೇ 7 ಸಿಕ್ಕಿತು. ಈ ಸಲ ಐದು ವರ್ಷಕ್ಕೆ ಹಾಕಿಸಿದೆ.

ನನ್ನ ಬಡ್ಡಿ ಇಳಿದರೂ ಕಂತು ಇಳಿಸುವುದು ಬೇಡ ಎಂದು ಬರೆದುಕೊಟ್ಟು ಬಂದೆ.