2147483647: ನಾನು ಬಿಡಿಸಿ ಓದದ ಸಂಖ್ಯೆ

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನಮ್ಮ ಸಿಸ್ಟಮ್‌ನಲ್ಲಿ ನಡೆಯುವುದೆಲ್ಲ ದಾಖಲಾಗುವ ಡೇಟಾಬೇಸ್‌ನ ಲಾಗ್ ಟೇಬಲ್‌ಗೆ ಒಂದೂ ಹೊಸ ಸಾಲು ಹೋಗುತ್ತಿಲ್ಲ ಅಂತ. ಲ್ಯಾಪ್‌ಟಾಪ್ ತೆರೆದರೆ ಎರರ್ ಇಷ್ಟೇ: ಡೂಪ್ಲಿಕೇಟ್ ಎಂಟ್ರಿ 2147483647.

ಡೂಪ್ಲಿಕೇಟ್ ಅಂದ ಮೇಲೆ ಎಲ್ಲೋ ಒಂದೇ ಐಡಿ (ಪ್ರತಿ ಸಾಲಿಗೂ ಕೊಡುವ ಕ್ರಮಸಂಖ್ಯೆ) ಎರಡು ಸಲ ಬರುತ್ತಿದೆ ಅಂದುಕೊಂಡೆ. ಎರಡು ಗಂಟೆ ಕೋಡ್ ಜಾಲಾಡಿದೆ, ಏನೂ ಸಿಗಲಿಲ್ಲ. ಕೊನೆಗೆ ಡೇಟಾಬೇಸ್ ನೋಡಿಕೊಳ್ಳುವ ನಮ್ಮ ಹಿರಿಯ ಡಿಬಿಎ ಮೇಡಂಗೆ ಫೋನ್ ಮಾಡಿದೆ.

"ಆ ನಂಬರ್ ಒಂದ್ಸಲ ಬಿಡಿಸಿ ಓದಿ" ಅಂದರು.

"214 ಕೋಟಿ 74 ಲಕ್ಷ 83 ಸಾವಿರದ 647, ಮೇಡಂ."

"ಎರಡರ 31ನೇ ಘಾತದಲ್ಲಿ ಒಂದು ಕಳೆದರೆ ಅದೇ ಅಲ್ವಾ?"

ಆಗ ಹೊಳೆಯಿತು. ಐಡಿ ಕಾಲಂ ಇಂಟ್, ಅಂದರೆ 32 ಬಿಟ್‌ನ ಪೂರ್ಣಾಂಕ. 32 ಬಿಟ್‌ನಲ್ಲಿ ಒಂದು ಪ್ಲಸ್ಸೋ ಮೈನಸ್ಸೋ ಹೇಳೋಕೆ. ಉಳಿದ 31ರಲ್ಲೂ 1 ತುಂಬಿದರೆ ಈ ಸಂಖ್ಯೆ. ಅದಕ್ಕಿಂತ ಮೇಲೆ ಹೋಗಲು ಜಾಗವಿಲ್ಲ. ಹಾಗಾಗಿ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಮತ್ತೆ ಅದೇ ಐಡಿ ಕೊಡುತ್ತಿತ್ತು. ಟೇಬಲ್‌ನಲ್ಲಿದ್ದದ್ದು ಸುಮಾರು ನಾಲ್ಕು ಕೋಟಿ ಸಾಲು ಮಾತ್ರ. ಹಳೇ ಸಾಲುಗಳನ್ನು ದಿನಾ ಅಳಿಸುತ್ತಿದ್ದೆವು, ಆದರೆ ಅಳಿಸಿದ ಐಡಿ ವಾಪಸ್ ಬರುವುದಿಲ್ಲ. ನಾನು ಸಾಲು ಎಣಿಸುತ್ತಿದ್ದೆ. ಐಡಿ ಎಲ್ಲಿಗೆ ಮುಟ್ಟಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ಅಷ್ಟು ದೊಡ್ಡ ಟೇಬಲ್‌ನ ಕಾಲಂ ಬದಲಾಯಿಸೋಕೆ ಗಂಟೆಗಟ್ಟಲೆ ಬೇಕು. ಬಿಗ್‌ಇಂಟ್ (64 ಬಿಟ್‌ನ ಪೂರ್ಣಾಂಕ) ಐಡಿ ಇರುವ ಖಾಲಿ ಟೇಬಲ್ ಮಾಡಿ, ಎರಡರ ಹೆಸರನ್ನೂ ಅದಲುಬದಲು ಮಾಡಿದೆವು. ಲಾಗ್ ಹರಿಯತೊಡಗಿತು.

ಆಮೇಲೆ ಆ ಸಂಖ್ಯೆ ನನ್ನನ್ನು ಬಿಡಲಿಲ್ಲ. ಅದು ಅವಿಭಾಜ್ಯ ಸಂಖ್ಯೆ. 1772ರಲ್ಲೇ ಗಣಿತಜ್ಞ ಆಯ್ಲರ್ ಅದನ್ನು ಸಾಧಿಸಿದ್ದರು, ಕಣ್ಣು ಹೆಚ್ಚುಕಡಿಮೆ ಕಾಣದೇ ಹೋಗಿದ್ದ ವಯಸ್ಸಿನಲ್ಲಿ! ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ ಅದರ ವರ್ಗಮೂಲದವರೆಗಿನ, ಅಂದರೆ 46340ರವರೆಗಿನ ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ನೋಡಬೇಕು. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು ಅಂತ ಅವರು ಕಂಡುಕೊಂಡರು. ಅಷ್ಟಕ್ಕೇ ನೋಡಬೇಕಾದವು ನೂರಕ್ಕಿಂತ ಕಡಿಮೆಯಾದವು. ಅವುಗಳಲ್ಲಿ ಮೊದಲನೆಯದು 311. ಒಂದು ಭಾನುವಾರ ಹಾಳೆ ಮೇಲೆ ನಾನೇ ಭಾಗಿಸಿ ನೋಡಿದೆ: 6905092 ಸಲ ಹೋಗಿ 35 ಉಳಿಯಿತು. ದಶಕಗಳ ಕಾಲ ಜಗತ್ತಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು. ನಮ್ಮ ಹೊಸ ಬಿಗ್‌ಇಂಟ್‌ನ ಮಿತಿ 9223372036854775807 ಇನ್ನೂ ಎಷ್ಟೋ ದೊಡ್ಡದು, ಆದರೆ ಅವಿಭಾಜ್ಯ ಅಲ್ಲ. 7ರಿಂದ ಎರಡು ಸಲ ಭಾಗವಾಗುತ್ತದೆ.

ಈಗ ಪ್ರತಿ ಸೋಮವಾರ ಎಲ್ಲಾ ಟೇಬಲ್‌ಗಳ ಕೊನೇ ಐಡಿಯನ್ನು ಅದರ ಮಿತಿಯ ಪಕ್ಕದಲ್ಲಿಟ್ಟು ನೋಡುತ್ತೇನೆ. ತಾರೀಕು, ಸಮಯ ಇಡುವ ಟೈಮ್‌ಸ್ಟಾಂಪ್ ಕಾಲಂಗಳನ್ನೂ ಪಟ್ಟಿ ಮಾಡುತ್ತಿದ್ದೇನೆ. ಅವುಗಳಿಗೂ ಇದೇ ಮಿತಿ: 1970ರಿಂದ ಸೆಕೆಂಡ್ ಎಣಿಸುತ್ತಾ ಬಂದರೆ 2147483647 ಮುಟ್ಟುವುದು 2038ರ ಜನವರಿ 19, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8:44:07ಕ್ಕೆ. ಇಪ್ಪತ್ತು ವರ್ಷದ ಗೃಹ ಸಾಲದ ಕೊನೇ ಕಂತಿನ ತಾರೀಕು ಈಗಲೇ ಅದನ್ನು ದಾಟುತ್ತದೆ. ಅಂಥ ಮೂರು ಕಾಲಂ ಇದುವರೆಗೆ ಸಿಕ್ಕಿವೆ.